ಗುಡುಗು ಎಲ್ಲಿ ಸಿಗುತ್ತದೆ ಸ್ವಾಮಿ?

‘ಬುಲೆಟ್ ಮಾರಿ ಹಾರ್ಲೆ ಎಕ್ಸ್440 ತಗೊಂಡೆ. ಸೈಲೆನ್ಸರ್ ಒಂದು ಬದಲಾಯಿಸಿದರೆ ಪಕ್ಕಾ ಅಮೆರಿಕನ್ ಕ್ರೂಸರ್!’ ಎನ್ನುತ್ತಾರೆ ಬ್ರ್ಯಾಂಡ್ ಬದಲಿಸಿದ ಭಕ್ತರು. ಅಭಿನಂದನೆ ಸ್ವಾಮಿ. ಆದರೆ ಗುಡುಗು ಹುಟ್ಟುವುದು ಕೊಳವೆಯಲ್ಲಲ್ಲ, ಎಂಜಿನ್ನಿನಲ್ಲಿ. ಹಾರ್ಲೆಯ ಸಾಂಪ್ರದಾಯಿಕ ಕ್ರೂಸರ್‌ಗಳಲ್ಲಿ 45 ಡಿಗ್ರಿ ಕೋನದಲ್ಲಿ ಕವಲೊಡೆದ ಎರಡು ಸಿಲಿಂಡರುಗಳಿಗೆ ಒಂದೇ ಕ್ರ್ಯಾಂಕ್‌ಪಿನ್. ಹಾಗಾಗಿ ಸ್ಫೋಟಗಳ ನಡುವಿನ ಅಂತರ ಸಮವಿಲ್ಲ. ಆ ಕುಂಟುತಾಳವೇ ಅದರ ಸಂಗೀತ. ಅದನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಕಂಪನಿ 1994ರಲ್ಲಿ ಅರ್ಜಿ ಹಾಕಿ, 2000ದಲ್ಲಿ ಕೈಬಿಟ್ಟಿತು. ಕಂಪನಿಯ ವಕೀಲರಿಗೇ ದಕ್ಕದ ಸದ್ದು ಗಲ್ಲಿಯ ಗ್ಯಾರೇಜಿನಲ್ಲಿ ದಕ್ಕೀತೇ? ಹೀರೋ ಮೋಟೋಕಾರ್ಪ್ ತಯಾರಿಸುವ ಎಕ್ಸ್440ಕ್ಕೆ ಇರುವುದು ಒಂದೇ ಸಿಲಿಂಡರ್, ನೀವು ಬಿಟ್ಟುಬಂದ ಬುಲೆಟ್ಟಿಗೆ ಇದ್ದಷ್ಟೇ. ಕೊಳವೆ ಬದಲಿಸಿದರೆ ಗದ್ದಲ ಏರುತ್ತದೆ, ತಾಳ ಬದಲಾಗುವುದಿಲ್ಲ.

‘ಗಾಡಿ ನನ್ನದು, ಕಾಸು ನನ್ನದು, ನಿಮಗೇನು ಕಷ್ಟ?’ ಕಿವಿ ನಮ್ಮದು ಸ್ವಾಮಿ. ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ನೂ ನಮ್ಮ ಕಡೆಗಿದೆ: ಶಬ್ದದ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ. ‘ಸದ್ದಿದ್ದರೆ ಲಾರಿಯವನು ಎಚ್ಚರವಾಗುತ್ತಾನೆ, ಜೀವ ಉಳಿಯುತ್ತದೆ’ ಎಂಬ ವಾದವೂ ಉಂಟು. ಸೈಲೆನ್ಸರಿನ ಬಾಯಿ ಇರುವುದು ಹಿಂದಕ್ಕೆ. ಎದುರಿನ ಲಾರಿಯವನು ಎಚ್ಚರಾಗುವ ಮೊದಲೇ ಹಿಂದಿನವನು ಕಿವುಡಾಗಿರುತ್ತಾನೆ. ‘ಹಾಗಾದರೆ ಅಪ್‌ಗ್ರೇಡೇ ಬೇಡವೇ?’ ಖಂಡಿತ ಬೇಕು. ಸೊಂಟಕ್ಕೆ ಒಗ್ಗುವ ಸೀಟು, ಎದೆಗೆ ಬಡಿಯುವ ಗಾಳಿ ತಡೆಯುವ ವಿಂಡ್‌ಶೀಲ್ಡ್, ಮಳೆಯಲ್ಲಿ ಹಿಡಿತ ಬಿಡದ ಟೈರು ಹಾಕಿಸಿ. ತೊಂದರೆಯೆಂದರೆ, ಅವುಗಳ ಸುಖ ತಿಳಿಯುವುದು ಸವಾರನಿಗೆ ಮಾತ್ರ, ಸಿಗ್ನಲ್ಲಿನಲ್ಲಿ ನಿಂತವರಿಗಲ್ಲ. ಅದಕ್ಕೇ ಅವುಗಳಿಗೆ ಭಕ್ತರು ಕಡಿಮೆ.