ಓಡುವುದಕ್ಕೆ ಕೋಟಿ, ನಿಲ್ಲುವುದಕ್ಕೆ?

ಐಹೊಳೆಯ ದುರ್ಗ ಗುಡಿಯ ಎದುರು ಬಂದು ನಿಂತ ಕೋಟಿ ಬೆಲೆಯ ಎಸ್‌ಯುವಿಯನ್ನು ಕಂಡಾಗ ಮೆಚ್ಚಬೇಕಾದದ್ದು ಅದು ಬಂದ ವೇಗವನ್ನಲ್ಲ, ನಿಂತದ್ದನ್ನು. ಯಾಕೆಂದರೆ 2022ರ ಜೂನ್‌ನಲ್ಲಿ ಮರ್ಸಿಡಿಸ್ ಕಂಪನಿ 2004ರಿಂದ 2015ರವರೆಗೆ ತಯಾರಾದ ಎಂಎಲ್, ಜಿಎಲ್, ಆರ್ ಕ್ಲಾಸ್‌ನ ಸುಮಾರು 10 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿತು. ಪೆಡಲ್ ಒತ್ತಿದ ಕಾಲಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರ್ ಮೇಲಿನ ರಬ್ಬರ್ ಹೊದಿಕೆಯಡಿ ನೀರಿನ ಪಸೆ ಕೂತು ತುಕ್ಕು ಹಿಡಿಯುವ ಭಯ. ಅಮೆರಿಕದ ಮಾಲೀಕರಿಗಂತೂ ತಪಾಸಣೆಯಾಗುವ ತನಕ ಓಡಿಸಲೇಬೇಡಿ ಎಂದಿತು. ಬೀದಿ ಗೇಟಿನ ಚಿಲಕಕ್ಕೆ ಬರುವ ರೋಗವೇ ಸಾಹುಕಾರರ ಗಾಡಿಗೂ ಬಂತು!

ಹಳೇ ಗಾಡಿ, ಸರಿಯಾಗಿ ನೋಡಿಕೊಂಡಿರಲಿಕ್ಕಿಲ್ಲ ಎನ್ನಬಹುದು. ಆದರೆ ತುಕ್ಕು ಅಡಗಿದ್ದು ಹೊದಿಕೆಯ ಒಳಗೆ. ದಿನಾ ಒರೆಸಿ ಮಿಂಚಿಸಿದವನಿಗೂ ಕಾಣದು. ಹೊಸದರಲ್ಲಿ ಕಂಪ್ಯೂಟರೇ ಕಾಯುತ್ತದಲ್ಲ? ಕಾಯಲಿ ಪಾಪ. 2024ರ ಸೆಪ್ಟೆಂಬರ್‌ನಲ್ಲಿ ಬಿಎಂಡಬ್ಲ್ಯು ಕೂಡ ಕಾಂಟಿನೆಂಟಲ್ ಎಂಬ ಕಂಪನಿ ಒದಗಿಸಿದ ಬ್ರೇಕ್ ವ್ಯವಸ್ಥೆಯ ದೋಷದಿಂದ ಸುಮಾರು 15 ಲಕ್ಷ ವಾಹನಗಳ ಲೆಕ್ಕ ಒಪ್ಪಿಸಬೇಕಾಯಿತು. ನಮ್ಮ ಕಡೆಯ ತೇರನ್ನು ನಿಲ್ಲಿಸಲು ಗಾಲಿಗೆ ಮರದ ತುಂಡು ಕೊಡುವವನಾದರೂ ಎಲ್ಲರ ಕಣ್ಣೆದುರೇ ಇರುತ್ತಾನೆ; ಇಲ್ಲಿ ಆ ಕೆಲಸ ಬಾನೆಟ್ಟಿನ ಕತ್ತಲಲ್ಲಿ ನಡೆಯುತ್ತದೆ. ಪೆಡಲ್ ಗಟ್ಟಿಯಾದರೆ, ಒತ್ತಿದಾಗ ಬುಸ್ ಎಂದರೆ, ಹಾಡಿನ ಸದ್ದು ಏರಿಸಬೇಡಿ. ಗಾಡಿ ಬದಿಗೆ ಹಾಕಿ. ಚಾಸಿಸ್ ನಂಬರ್ ಕೊಟ್ಟು ಡೀಲರನ್ನು ಕೇಳಿ. ಕಂಪನಿ ವಾಪಸ್ ಕರೆಸಿದ ಗಾಡಿಯ ಆ ದೋಷದ ರಿಪೇರಿಗೆ ದುಡ್ಡು ಕೊಡಬೇಕಿಲ್ಲ.