ಎತ್ತಿಗೆ ಸೋಮವಾರ ಇದೆ, ನಿಮಗೆ?

ನಮ್ಮೂರು ಹಂಸಭಾವಿಯ ಚಹದಂಗಡಿಯಲ್ಲಿ ಕೂತು ಪಕ್ಕದವರನ್ನು ‘ಈ ವೀಕೆಂಡ್ ಏನು ಪ್ರೋಗ್ರಾಂ?’ ಎಂದು ಕೇಳಿ ನೋಡಿ. ಅವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ನಿಮ್ಮ ಬೆನ್ನಿನ ಬ್ಯಾಗು ನೋಡುತ್ತಾರೆ, ಆಮೇಲೆ ‘ಬೆಂಗಳೂರಿಂದ ಬಂದೀರೇನ್ರೀ?’ ಅನ್ನುತ್ತಾರೆ. ವೀಕೆಂಡ್ ಎಂಬುದು ನಮ್ಮ ಕಡೆಗೆ ಶನಿವಾರ ನಸುಕಿನ ಬಸ್ಸಿನಿಂದ ಇಳಿದು ಭಾನುವಾರ ರಾತ್ರಿ ಬಸ್ಸಿಗೆ ಹತ್ತುವ ಗಿರಾಕಿ. ಅದಕ್ಕೆ ಊರಲ್ಲಿ ಸ್ವಂತ ಮನೆಯಿಲ್ಲ.

ಹಾಗಂತ ಊರಲ್ಲಿ ರಜೆಗೆ ಬರವಿದೆ ಅಂತಲ್ಲ. ಒಬ್ಬೊಬ್ಬರದು ಒಂದೊಂದು ವಾರ, ಅಷ್ಟೇ. ಕ್ಷೌರದಂಗಡಿಗೆ ಮಂಗಳವಾರ. ಬ್ಯಾಂಕಿಗೆ 2015ರ ಸೆಪ್ಟೆಂಬರ್ 1ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರ. ಹೀಗಾಗಿ ಶನಿವಾರ ಪಾಸ್‌ಬುಕ್ ಹಿಡಿದು ಹೊರಟವರೆಲ್ಲ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಬೆರಳು ಮಡಚಿ, ಇದು ಎಷ್ಟನೆಯದು ಎಂದು ಲೆಕ್ಕ ಹಾಕಿಯೇ ಹೊಸ್ತಿಲು ದಾಟಬೇಕು. ರಾಜ್ಯ ಸರ್ಕಾರಿ ನೌಕರರಿಗೆ 2019ರಲ್ಲಿ ನಾಲ್ಕನೇ ಶನಿವಾರವೂ ದಕ್ಕಿತು. ದಕ್ಕಿದ ಕೈಯಲ್ಲೇ ವರ್ಷಕ್ಕೆ 15 ಇದ್ದ ಸಾಂದರ್ಭಿಕ ರಜೆ 10ಕ್ಕೆ ಇಳಿಯಿತು. ಸರ್ಕಾರ ಯಾವತ್ತೂ ಪುಕ್ಕಟೆ ಕೊಡುವುದಿಲ್ಲ, ಅದು ಬಿಡಿ. ಇನ್ನು ಮಾಸ್ತರರಿಗೆ ಶನಿವಾರ ಮುಂಜಾನಿ ಸಾಲಿ. ಮೃತ್ಯುಂಜಯ ವಿದ್ಯಾಪೀಠ ಇರುವ ಊರಲ್ಲಿ ಮಾಸ್ತರರಿಗೇನು ಕೊರತೆ? ಶನಿವಾರ ಮಧ್ಯಾಹ್ನ ಅವರು ಉಂಡು ಮಲಗುವ ನಿದ್ದೆಗೆ ಇರುವ ಆಳ, ಬೆಂಗಳೂರಿನ ಎರಡು ದಿನದ ರೆಸಾರ್ಟಿಗೆ ಇಲ್ಲ.

ಆದರೆ ಈ ಎಲ್ಲ ರಜೆಗಳಿಗೂ ಸೀನಿಯರ್ ಯಾವುದು ಗೊತ್ತೇನು? ಎತ್ತಿನ ಸೋಮವಾರ. ಆ ದಿನ ಬಸವಣ್ಣನ ವಾರ. ಹೆಗಲಿಗೆ ನೊಗ ಇಡುವ ಹಾಗಿಲ್ಲ. ಗಳೆ ಇಲ್ಲ, ಕುಂಟಿ ಇಲ್ಲ, ಎಡಿ ಹೊಡೆಯುವುದಿಲ್ಲ, ಚಕ್ಕಡಿ ಹೂಡುವುದಿಲ್ಲ. ಎತ್ತಿನ ಮೈ ತೊಳೆದು, ಕೋಡಿಗೆ ಕೈಯಾಡಿಸಿ, ಗ್ವಾದಲಿಗೆ ಕಣಿಕಿ ಹಾಕಿದರೆ ಮುಗಿಯಿತು. ಹದ ಆರಿಹೋಗಲಿ, ಮಳೆ ಮೋಡ ಕಟ್ಟಲಿ, ‘ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳಪ್ಪಾ’ ಎಂದು ಎತ್ತಿಗೆ ಯಾರೂ ಮೆಸೇಜ್ ಕಳಿಸುವುದಿಲ್ಲ. ಅಮಾವಾಸ್ಯೆ ಬೇರೆ. ಇನ್ನು ದೀಪಾವಳಿ ಹೊತ್ತಿಗೆ ಹೋರಿ ಹಬ್ಬ ಬಂತೋ, ಕೊರಳಿಗೆ ಕೊಬ್ಬರಿ ಹಾರ, ಕೋಡಿಗೆ ಬಲೂನು, ಬೆನ್ನಿಗೆ ಜೂಲ, ಹೆಸರು ಹಿಡಿದು ಕೂಗುವ ಅಭಿಮಾನಿಗಳು! ಇಷ್ಟು ಸವಲತ್ತು ಕೊಡುವ ಕಂಪನಿ ವೈಟ್‌ಫೀಲ್ಡಿನಲ್ಲಿ ಎಲ್ಲಿದೆ, ತೋರಿಸಿ.

ಮಜಾ ಏನೆಂದರೆ, ಎತ್ತಿಗೆ ರಜೆ ಕೊಟ್ಟ ಧಣಿಗೆ ಅವತ್ತು ರಜೆ ಇಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಜೋರಾಗುವುದು ಸೋಮವಾರ ಮತ್ತು ಗುರುವಾರ. ಎತ್ತು ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತಿರುವಾಗ, ಅದರ ಯಜಮಾನ ಪೇಟೆಯಲ್ಲಿ ಚೀಲದ ಪಕ್ಕ ಕೂತು, ಘಾಟಿಗೆ ಸೀನುತ್ತ, ಟೆಂಡರ್ ದರ ಏನಾಗುತ್ತದೋ ಎಂದು ಕಾಯುತ್ತಿರುತ್ತಾನೆ. ಇಬ್ಬರಲ್ಲಿ ಯಾರ ಜನ್ಮ ದೊಡ್ಡದು ಎಂದು ಈಗ ನೀವೇ ಹೇಳಿ.

ಮನುಷ್ಯನ ಭಾನುವಾರವಾದರೂ ಸುಮ್ಮನೆ ಬಂದದ್ದಲ್ಲ. ಮುಂಬಯಿಯ ಗಿರಣಿಗಳಲ್ಲಿ ವಾರದ ರಜೆ ಎಂಬುದೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕೂಲಿಗಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ಅರ್ಜಿ ಹಾಕಿ, ಸಭೆ ಮಾಡಿ, 1890ರ ಜೂನ್ 10ರಂದು ಭಾನುವಾರವನ್ನು ಗಿಟ್ಟಿಸಿದರು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ, ಒಂದು ದಿನ ಬಿಡುವು ಎಂದು ಬರೆದಿಟ್ಟಿತು. ಅಂದರೆ ಎತ್ತಿಗೆ ದೇವರು ಕೊಟ್ಟದ್ದನ್ನು ಮನುಷ್ಯ ಹೊಡೆದಾಡಿ ತಗೊಂಡ.

ತಗೊಂಡದ್ದನ್ನು ವಾಪಸ್ ಕೊಡಿ ಎನ್ನುವವರೂ ಹುಟ್ಟಿದ್ದಾರೆ. 2023ರ ಅಕ್ಟೋಬರಿನಲ್ಲಿ ನಮ್ಮ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. ಹರಾಜಿನಲ್ಲಿ ಒಬ್ಬರು ಕೂಗಿದ ಮೇಲೆ ಇನ್ನೊಬ್ಬರು ಏರಿಸದೆ ಬಿಡುತ್ತಾರೆಯೇ? 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತು ಹೊರಬಿತ್ತು: 90 ಗಂಟೆ, ಭಾನುವಾರವೂ ಬನ್ನಿ, ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದು. ಏಳೂ ದಿನಕ್ಕೆ ಹಂಚಿದರೆ ದಿನಕ್ಕೆ ಹೆಚ್ಚುಕಡಿಮೆ 13 ಗಂಟೆ. ಇದನ್ನು ನಮ್ಮ ಕಾಕೂಗೆ ಓದಿ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಆಕೆ ಕೇಳಿದ್ದಿಷ್ಟೇ: ‘ಮಾರಿ ನೋಡಾಕ ಅವರು ಮನ್ಯಾಗ ಯಾವಾಗ ಇರತಾರ? ಮತ್ತ, ನಮಗ ಗಂಟೆ ಲೆಕ್ಕ ಹಾಕಿದವರು ಯಾರದಾರ?’

ಕಾಕೂ ಸುಮ್ಮನೆ ಕೇಳಲಿಲ್ಲ. ಊರಿನ ಯಾವ ರಜೆಯೂ ಅಡಿಗಿ ಮನಿಯ ಹೊಸ್ತಿಲು ದಾಟುವುದಿಲ್ಲ. ಮಂಗಳವಾರ ಕತ್ತರಿ ಸುಮ್ಮನಿರುತ್ತದೆ, ಸೋಮವಾರ ನೊಗ ಸುಮ್ಮನಿರುತ್ತದೆ, ಭಾನುವಾರ ಮಗ ಸುಮ್ಮನಿರುತ್ತಾನೆ. ಯಾರಿಗೆ ರಜೆಯಿದ್ದರೂ ಅವತ್ತು ಒಲೆ ಮಾತ್ರ ಎರಡು ಪಾಳಿ ದುಡಿಯುತ್ತದೆ.

ನಮ್ಮ ಅಣ್ಣನ ಮಗ ಬೆಂಗಳೂರಿನ ಸಾಫ್ಟ್‌ವೇರಿನವನು. ಅವನ ಕಂಪನಿಯ ಹೆಸರು ಬೇಡ. ಎಲ್ಲ ಕಂಪನಿಯೂ ಅದೇ. ಭಾನುವಾರ ಊರಿಗೆ ಬಂದವ ಮಾಳಿಗೆ ಮೇಲೆ, ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೂತಿದ್ದ.

‘ಇವತ್ತ ರಜಾ ಅಲ್ಲೇನಪಾ?’ ಎಂದರು ಕಾಕಾ.

‘ರಜಾನ ಕಾಕಾ. ಮಾಡಲೇಬೇಕಂತೇನಿಲ್ಲ. ಬೇಕಾದ್ರ ಮಾಡಬಹುದು.’

‘ಮತ್ತ ಯಾಕ ಮಾಡಾಕತ್ತೀ?’

‘ಬಾಜೂದಾವ ಮಾಡಾಕತ್ತಾನಲ್ಲ!’

ಕಾಕಾ ಮೀಸೆಯಲ್ಲೇ ನಕ್ಕರು. ‘ಬಾಜೂದಾವ ಹೂಡಿದಾ ಅಂತ ನಾನೂ ಸೋಮವಾರ ಎತ್ತು ಹೂಡಿದ್ರ, ಊರ ಮಂದಿ ನನಗ ನೀರ ಕೊಡತಿದ್ದಿಲ್ಲ ತಮ್ಮಾ.’

ಗುಟ್ಟೆಲ್ಲ ಈ ಮಾತಿನಲ್ಲಿದೆ. ಎತ್ತಿನ ಸೋಮವಾರ ಇಷ್ಟು ಕಾಲ ಉಳಿದದ್ದು ರೈತರೆಲ್ಲ ಕರುಣಾಳುಗಳು ಎಂದಲ್ಲ. ಒಬ್ಬ ಹೂಡಿದರೆ ಹತ್ತು ಜನ ಕೇಳುತ್ತಿದ್ದರು, ಅದಕ್ಕೆ. ಕ್ಷೌರದ ಮಂಗಳವಾರವೂ ಹಾಗೇ. ಎಲ್ಲರೂ ಬಾಗಿಲು ಹಾಕುತ್ತಾರೆ, ಆದ್ದರಿಂದ ಯಾರ ಗಿರಾಕಿಯೂ ಓಡಿಹೋಗುವುದಿಲ್ಲ. ಗಡ್ಡ ಒಂದು ದಿನ ಕಾಯುತ್ತದೆ. ‘ಮಂಗಳವಾರ ತೆರೆಯುವುದು ನಿಮ್ಮ ನಿಮ್ಮ ಇಚ್ಛೆ’ ಎಂದು ಸಂಘದವರು ಬೋರ್ಡು ಹಾಕಲಿ ನೋಡೋಣ. ಮೊದಲ ವಾರ ಒಬ್ಬ ಅರ್ಧ ಶಟರ್ ಎತ್ತುತ್ತಾನೆ, ಎರಡನೇ ವಾರ ಎದುರಿನವ ಪೂರ್ತಿ ಎತ್ತುತ್ತಾನೆ, ಮೂರನೇ ವಾರಕ್ಕೆ ಮಂಗಳವಾರ ಎಂಬುದು ಬುಧವಾರದ ಹಿಂದಿನ ದಿನವಾಗಿ ಮಾತ್ರ ಉಳಿಯುತ್ತದೆ. ಹುಡುಗನಿಗೆ ಕಂಪನಿ ಕೊಟ್ಟಿರುವುದು ಇಂಥ ಇಚ್ಛೆಯನ್ನೇ.

ಹಾಗಾದರೆ ಭಾನುವಾರ ಯಾರೂ ಕೆಲಸ ಮುಟ್ಟಲೇಬಾರದೇ? ಅದೂ ಆಗದ ಮಾತು. ಹಿರೇಕೆರೂರು, ರಾಣೆಬೆನ್ನೂರು ಕಡೆಯ ಬೀಜೋತ್ಪಾದನೆ ಹೊಲಕ್ಕೆ ಒಮ್ಮೆ ಹೋಗಿ ಬನ್ನಿ. ಹೈಬ್ರಿಡ್ ಹತ್ತಿ ಬೀಜ ಮಾಡುವ ಕ್ರಾಸಿಂಗ್ ಕೆಲಸದಲ್ಲಿ, ನಾಳೆ ಅರಳುವ ಮೊಗ್ಗನ್ನು ಇವತ್ತು ಇಳಿಹೊತ್ತಿಗೆ ಗುರುತಿಸಬೇಕು. ಹೆಬ್ಬೆರಳ ಉಗುರಿನಿಂದ ಎಸಳಿನ ಸಮೇತ ಕೇಸರ ಬಿಡಿಸಬೇಕು. ಒಳಗಿನ ಸಣ್ಣ ಕಾಯಿಗೆ ಉಗುರು ತಾಗಿದರೆ ಆ ಮೊಗ್ಗು ಹೋಯಿತು. ಮರುದಿನ ಮುಂಜಾನೆ ಗಂಡು ಹೂವಿನ ಪುಡಿಯನ್ನು ತಂದು ಅದರ ತುದಿಗೆ ಸವರಬೇಕು. ಹತ್ತಿಯ ಹೂ ಅರಳಿದ ದಿನ ಬಿಳಿಚಾಗಿದ್ದು, ಮರುದಿನಕ್ಕೆ ಕೆಂಪಾಗುತ್ತದೆ. ಕೆಂಪಾಯಿತೋ, ಅದರ ಆಫೀಸು ಮುಚ್ಚಿತು. ‘ಇವತ್ತು ಭಾನುವಾರ, ಸೋಮವಾರ ಅರಳು’ ಎಂದು ಹೂವಿಗೆ ಹೇಳಲು ಬರುವುದಿಲ್ಲ. ಹಾಲು ಕರೆಯುವವರು, ಬಸ್ ಓಡಿಸುವವರು, ಆಸ್ಪತ್ರೆಯ ನರ್ಸು, ಎಲ್ಲರ ಪಾಡೂ ಇದೇ. ಅವರಿಗೆ ಬೇರೆ ದಿನ ಬಿಡುವು ಸಿಗಬೇಕು, ಪಗಾರ ಸರಿಯಾಗಿ ಸಿಗಬೇಕು. ಆದರೆ ಹೂ ಕರೆದಾಗ ಏಳುವುದು ಬೇರೆ, ಪರದೆಯ ಮೇಲೆ ಮ್ಯಾನೇಜರನ ಹೆಸರಿನ ಮುಂದೆ ಹಸಿರು ಚುಕ್ಕೆ ಕಂಡು ಏಳುವುದು ಬೇರೆ. ನಮ್ಮ ಹುಡುಗ ಆ ಭಾನುವಾರ ಕಳಿಸಿದ ವರದಿಯನ್ನು ಮ್ಯಾನೇಜರ್ ತೆರೆದು ನೋಡಿದ್ದು ಬುಧವಾರವಂತೆ. ಅಷ್ಟರಲ್ಲಿ ಎಷ್ಟು ಹೂ ಕೆಂಪಾಗಿದ್ದವೋ!

ಇಂಥ ಹೊತ್ತಿಗೆ ‘ಕಾಯಕವೇ ಕೈಲಾಸ’ ಎಂದು ಹೇಳಿ ಬಾಯಿ ಮುಚ್ಚಿಸುವವರು ಇದ್ದೇ ಇರುತ್ತಾರೆ. ಆಫೀಸಿನ ಗೋಡೆಗೆ ಆ ಬೋರ್ಡು ತೂಗುಹಾಕಿದವರು ಪೂರ್ತಿ ಕತೆ ಕೇಳಿಲ್ಲ ಅಂತ ನನ್ನ ಗುಮಾನಿ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ. ಒಂದು ದಿನ ರೂಢಿಗಿಂತ ಜಾಸ್ತಿ ಅಕ್ಕಿ ತಂದ. ಇಂದಿನ ಮನೆಯಾಗಿದ್ದರೆ ಓವರ್‌ಟೈಮ್ ಬಂತೆಂದು ಹಿಗ್ಗುತ್ತಿದ್ದರು. ಅವನ ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ನಮಗೆ ಬೇಕಾದಷ್ಟಕ್ಕಿಂತ ಹೆಚ್ಚಿನದು ನಮಗ್ಯಾಕೆ, ತಂದಲ್ಲೇ ಹಾಕಿ ಬಾ ಎಂದು ಗಂಡನನ್ನು ಹೊಸ್ತಿಲಿಂದಲೇ ತಿರುಗಿ ಕಳಿಸಿದಳು. ಎಂಟುನೂರು ವರ್ಷಗಳ ಹಿಂದೆಯೇ ‘ಸಾಕು’ ಎನ್ನಲು ಬಂದ ನಾಡು ನಮ್ಮದು. ಕಾಯಕದ ಬೋರ್ಡು ಹಾಕುವವರು ಪಕ್ಕದಲ್ಲಿ ಲಕ್ಕಮ್ಮನ ಪಟವನ್ನೂ ಹಾಕಲಿ.

ಈಗ ಹಂಸಭಾವಿಯಲ್ಲೂ ಟ್ರ್ಯಾಕ್ಟರ್ ಬಂದಿದೆ. ಟ್ರ್ಯಾಕ್ಟರಿಗೆ ಸೋಮವಾರ ಇಲ್ಲ, ಅಮಾವಾಸ್ಯೆ ಇಲ್ಲ. ಡೀಸೆಲ್ ಹಾಕಿದರೆ ಅದು ನಡುರಾತ್ರಿಯೂ ಹೊಲ ಹೊಡೆಯುತ್ತದೆ. ಎತ್ತಿನ ಹೆಸರಲ್ಲಿ ಆಳಿಗೆ ಸಿಗುತ್ತಿದ್ದ ಅಷ್ಟಿಷ್ಟು ಬಿಡುವು ಎತ್ತಿನ ಜೊತೆಗೇ ಹೋಯಿತು. ಜೇಬಿನಲ್ಲಿರುವ ಮೊಬೈಲಂತೂ ಟ್ರ್ಯಾಕ್ಟರಿಗೂ ಅಪ್ಪ.

ಆದ್ದರಿಂದ ಶನಿವಾರ ಭಾನುವಾರ ಕೆಲಸ ಮಾಡಲೋ ಬೇಡವೋ ಎಂದು ಒಬ್ಬರೇ ಕೂತು ತಲೆ ಕೆಡಿಸಿಕೊಳ್ಳಬೇಡಿ. ಒಬ್ಬರೇ ಮಾಡಿದ ತೀರ್ಮಾನ ಸೋಮವಾರದ ಮೀಟಿಂಗ್‌ವರೆಗೂ ಬಾಳುವುದಿಲ್ಲ. ಮೊದಲು ಬಾಜೂದವನ ಜೊತೆ ಮಾತಾಡಿ. ನೀನೂ ಮುಚ್ಚು, ನಾನೂ ಮುಚ್ಚುತ್ತೇನೆ ಎಂದು ಒಪ್ಪಂದ ಮಾಡಿಕೊಳ್ಳಿ. ನಾಲ್ಕು ಜನ ಕೂಡಿದರೆ ಅದು ರೂಢಿ, ನಲವತ್ತು ಜನ ಕೂಡಿದರೆ ಅದೇ ಕಾಯ್ದೆ. ಹಾಗೆ ಗಿಟ್ಟಿಸಿದ ಭಾನುವಾರದಲ್ಲಿ ಒಂದು ಹೊತ್ತಿನ ರೊಟ್ಟಿಯನ್ನು ನೀವೇ ಬಡಿಯಿರಿ. ಸೊಟ್ಟಗಾದರೂ ಚಿಂತೆಯಿಲ್ಲ, ಅವತ್ತು ಕಾಕೂಗೂ ರಜೆ.