ಕೊಬ್ಬರಿಯ ಲೆಕ್ಕವೂ ಕಾಸಿಲ್ಲದ ತಂತ್ರಾಂಶವೂ

ಅರಸೀಕೆರೆಯ ನಮ್ಮ ತೋಟದ ಕೊಬ್ಬರಿಯ ಲೆಕ್ಕವನ್ನು ನಲವತ್ತು ವರ್ಷ ಕೆಂಪು ರಟ್ಟಿನ ಪುಸ್ತಕದಲ್ಲಿಯೇ ಬರೆದು, ಕೂಡಿಕೆ ತಪ್ಪಿದಾಗಲೆಲ್ಲ ಹಾಳೆ ತಿಂದ ಇಲಿಗಳ ಮೇಲೆ ಅಪವಾದವನ್ನು ಹೊರಿಸಿ ನಿಶ್ಚಿಂತನಾಗಿದ್ದ ನನಗೆ, 2010ರಲ್ಲಿ ಓಪನ್ಆಫೀಸಿನಿಂದ ಕವಲೊಡೆದ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶವನ್ನು ಗಣಕಯಂತ್ರಕ್ಕೆ ಹಾಕಿಕೊಟ್ಟ ಸೋದರಳಿಯನು ಮಹದುಪಕಾರವನ್ನೇ ಮಾಡಿದನೆನ್ನಬೇಕು. ಇಲ್ಲಿಯೂ ಒಂದು ಇಲಿಯುಂಟು. ಆದರೆ ಅದು ನನ್ನ ಮುಷ್ಟಿಯಲ್ಲಿಯೇ ಇರುವುದರಿಂದ ದೂರು ನನಗೇ ತಗುಲುತ್ತದೆ.

ಕನ್ನಡಕ್ಕೆ ‘ನುಡಿ’ಯನ್ನು ಆಶ್ರಯಿಸಿದೆ. ಕನ್ನಡ ಗಣಕ ಪರಿಷತ್ತು ಉಚಿತವಾಗಿ ಹಂಚಿದ ಈ ತಂತ್ರಾಂಶದ ಕೀಲಿಮಣೆಗೆ ಕೆ.ಪಿ. ರಾವ್ ಅವರ ವಿನ್ಯಾಸವೇ ಮೂಲ. ಅದರಲ್ಲಿ ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಕೀಲಿಯನ್ನು ಒತ್ತಬೇಕೆಂಬ ಸೂಕ್ಷ್ಮವನ್ನು ನಾನು ಮರೆತ ಫಲವಾಗಿ, ವರ್ಷದ ಕೊಬ್ಬರಿಯೆಲ್ಲವೂ ‘ಕೊಬಬರಿ’ಯಾಗಿ ಪರಿಣಮಿಸಿತು.

ಬೇಲೂರಿನ ಚೆನ್ನಕೇಶವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಕೃತಿಗಳಡಿಯಲ್ಲಿ ಹೆಸರನ್ನು ಕೆತ್ತಿದಂತೆ, ಲಿಬ್ರೆಆಫೀಸಿನಂತಹ ಮುಕ್ತ ತಂತ್ರಾಂಶಗಳ ಕರ್ತೃಗಳೂ ಒಳಗೆಲ್ಲೋ ಹೆಸರು ಬರೆದಿಟ್ಟು ಸುಮ್ಮನಿರುತ್ತಾರೆ; ರಚನೆಯನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ನನಗೆ ಆ ಧೈರ್ಯ ಬರಲಿಲ್ಲ. ಹಳೇಬೀಡಿನ ಹೊಯ್ಸಳೇಶ್ವರನೇ ಶಿಖರವಿಲ್ಲದೆ ನಿಂತಿರುವಾಗ ನನ್ನ ಲೆಕ್ಕ ಅಪೂರ್ಣವಾದರೇನೆಂದು ಸಮಾಧಾನ ತಂದುಕೊಂಡು, ಸೋದರಳಿಯನಿಗೆ ತಿಳಿಯದಂತೆ, ಈ ವಾರದ ಕಾಯಿಗಳನ್ನು ಕೆಂಪು ಪುಸ್ತಕದಲ್ಲಿಯೂ ಬರೆದಿಟ್ಟಿದ್ದೇನೆ.